ಜಲಜಾ ಅವರ ಕುಕ್ಕರಿನಲ್ಲಿ ಟಿಫನ್ ಬೇಯುವುದಿಲ್ಲ

ಚೆನ್ನೈನ ಪೋರೂರು ಕೆರೆಯ ಮೇಲೆ ಇನ್ನೂ ಮಬ್ಬು ಕರಗಿಲ್ಲ. ರಾತ್ರಿಪಾಳಿ ಮುಗಿಸಿದ ಐಟಿ ಹುಡುಗರನ್ನು ಇಳಿಸುವ ಕ್ಯಾಬುಗಳೂ ಹಾಲಿನ ವ್ಯಾನುಗಳೂ ರಸ್ತೆಯಲ್ಲಿ ಒಂದಕ್ಕೊಂದು ದಾರಿ ಬಿಡದೆ ಹಾರ್ನು ಹೊಡೆಯುತ್ತಿವೆ. ಅಲ್ಲೇ ಒಂದು ಖಾಸಗಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಪ್ರೆಶರ್ ಕುಕ್ಕರ್ ಕೂಗುತ್ತದೆ. ಹೊಸದಾಗಿ ಸೇರಿದ ಸೆಕ್ಯುರಿಟಿಯವನು ಬಾಗಿಲಲ್ಲಿ ತಲೆ ತೂರಿಸಿ, "ಅಕ್ಕಾ, ಇನ್ನೈಕ್ಕಿ ಎನ್ನ ಟಿಫನ್?" ಇವತ್ತೇನು ತಿಂಡಿ ಎಂದು ಆಸೆಯಿಂದ ಕೇಳುತ್ತಾನೆ.

ಕುಕ್ಕರಿನ ಮುಂದೆ ನಿಂತ ಜಲಜಾ ಹಿಂದೆ ತಿರುಗುವುದಿಲ್ಲ. ಇಂದು ಮನುಷ್ಯರ ಚರ್ಮ, ನಾಳೆ ಬಂದರೆ ಲಿವರ್ ಸಿಗಬಹುದು ಎಂದು ತಮಿಳಿನಲ್ಲೇ ಹೇಳುತ್ತಾರೆ. ಆಮೇಲೆ ಎಷ್ಟೋ ದಿನ ಅವನು ಆ ಕಡೆಯ ಗಸ್ತನ್ನೇ ಬಿಟ್ಟುಬಿಡುತ್ತಾನೆ. "ಪಾಪ, ಚುಮ್ಮಾ ತಮಾಷೆಗೆ ಹೇಳಿದ್ದು" ಎಂದು ಜಲಜಾ ಆಮೇಲೆ ಪೇಚಾಡುತ್ತಾರೆ. ಆದರೆ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಕುಕ್ಕರಿನೊಳಗೆ ಉಪ್ಪುಪ್ಪಾದ ದ್ರಾವಣ, ಅದರೊಳಗೆ ಗಾಜಿನ ಸ್ಲೈಡುಗಳು, ಒಂದೊಂದು ಸ್ಲೈಡಿನ ಮೇಲೂ ಈರುಳ್ಳಿಯ ಪೊರೆಗಿಂತ ತೆಳುವಾದ ಚರ್ಮದ ಹೋಳು. ರೋಗಿಯ ಮೈಯಿಂದ ತೆಗೆದ ತುಂಡನ್ನು ಫಾರ್ಮಾಲಿನ್‌ನಲ್ಲಿ ನೆನೆಸಿ, ಮೇಣದಲ್ಲಿ ಹೂತು, ಮೆಷಿನ್ನಿನಲ್ಲಿ ಹೆರೆದು ತೆಗೆದದ್ದು. "ಫಾರ್ಮಾಲಿನ್‌ನಲ್ಲಿ ನೆಂದಿದ್ದು ಬಾಯಿ ಬಿಗ್ಕೊಂಡು ಕೂತಿರುತ್ತೆ. ಏನು ಕೇಳಿದ್ರೂ ಹೇಳಲ್ಲ. ಆವೀಲಿ ಬೇಯಿಸಿದ್ರೆ ಬಾಯಿ ಬಿಡುತ್ತೆ. ಬೇಳೆ ಥರಾನೇ" ಎನ್ನುತ್ತಾರೆ ಜಲಜಾ. ಇದಕ್ಕೆಂದೇ ಯಂತ್ರಗಳಿವೆ. ಇವರಲ್ಲೂ ಒಂದಿದೆ. ಅದು ಕೆಟ್ಟು ಎಷ್ಟು ಕಾಲವಾಯಿತೆಂದರೆ, ಮಳೆ ಬಂದ ದಿನ ಎಲ್ಲರೂ ಅದರ ಮೇಲೆ ಛತ್ರಿ ಒಣಹಾಕುತ್ತಾರೆ. ಕುಕ್ಕರು ಮಾತ್ರ ಕೆಟ್ಟಿಲ್ಲ. ಒಂದೇ ಒಂದು ಸಲ ಕೈಕೊಟ್ಟಿತು, ಆ ಕಥೆ ಆಮೇಲೆ ಬರುತ್ತದೆ.

ಜಲಜಾ ಹುಟ್ಟಿದ್ದು ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ. ಚಾಮರಾಜನಗರದ ಕಡೆಯಿಂದ ಬಂದ ತಂದೆಗೆ ರೈಲು ಡಬ್ಬಿಗಳಿಗೆ ಬಣ್ಣ ಬಳಿಯುವ ಕೆಲಸ. ಮನೆಯೊಳಗೆ ಊರಿನ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಎರಡಕ್ಕೂ ಏಟು ಕೊಡುವ ಇಂಗ್ಲಿಷು. ಹೀಗೆ ಬೆಳೆದ ಹುಡುಗಿ ಲ್ಯಾಬ್ ಟೆಕ್ನೀಷಿಯನ್ ಕೋರ್ಸು ಮುಗಿಸಿ, ಎಗ್ಮೋರಿನ ಪುಟ್ಟ ಲ್ಯಾಬೊಂದರಲ್ಲಿ ಮೂತ್ರದ ಬಾಟಲಿಗಳಿಗೆ ಚೀಟಿ ಅಂಟಿಸುವುದರಿಂದ ಶುರುಮಾಡಿದಳು. ಚೀಟಿಯ ಮೇಲಿನ ಹೆಸರುಗಳನ್ನು ನೋಡಿ ನೋಡಿ ಆ ಸೀಮೆಯಲ್ಲಿ ಯಾರಿಗೆ ಏನೇನಿದೆ ಎಂದು ಬಾಯಿಪಾಠವಾಗಿತ್ತಂತೆ. ಎದುರು ಸಿಕ್ಕವರು ನಮಸ್ಕಾರ ಹೇಳಿದರೆ ಮೊದಲು ಅವರ ಸಕ್ಕರೆಯ ಅಂಶ ನೆನಪಾಗುತ್ತಿತ್ತು. ಯಾರಿಗೂ ಹೇಳುವ ಹಾಗಿರಲಿಲ್ಲ. "ಗುಟ್ಟು ಇಟ್ಕೊಳ್ಳೋದು ಅಲ್ಲೇ ಕಲಿತಿದ್ದು" ಎನ್ನುತ್ತಾರೆ.

ಈಗ ಐವತ್ತು ದಾಟಿದೆ. ದಿನಕ್ಕೆ ನಲವತ್ತು, ಕೆಲವೊಮ್ಮೆ ಅರವತ್ತು ಸ್ಲೈಡು ಅವರ ಕೈಯಲ್ಲಿ ಬೇಯುತ್ತವೆ, ತೊಳೆಸಿಕೊಳ್ಳುತ್ತವೆ, ಬಣ್ಣ ಏರಿಸಿಕೊಳ್ಳುತ್ತವೆ. ಆದರೂ ತಾವು ಮಾಡುವುದೇನು ಎಂದು ನೆಂಟರಿಷ್ಟರಿಗೆ ತಿಳಿಸುವುದರಲ್ಲಿ ಸೋತಿದ್ದಾರೆ. ಪ್ಯಾರೀಸ್ ಕಾರ್ನರಿನ ಇನ್ಶೂರೆನ್ಸ್ ಕಚೇರಿಯಲ್ಲಿರುವ ಗಂಡ ಹರಿಹರ ಒಮ್ಮೆ ಅಪಾರ್ಟ್‌ಮೆಂಟಿನ ಮೀಟಿಂಗಿನಲ್ಲಿ, "ನಮ್ಮನೆಯವಳು ಆಸ್ಪತ್ರೆಯಲ್ಲಿ ಬಣ್ಣ ಹಾಕ್ತಾಳೆ" ಎಂದುಬಿಟ್ಟರು. ಮರುದಿನ ಕೆಳಗಿನ ಮನೆಯವರು ಎರಡು ಬೆಡ್‌ರೂಮಿಗೆ ಡಿಸ್ಟೆಂಪರ್ ಹೊಡೆಯಲು ಎಷ್ಟಾಗುತ್ತದೆಂದು ಕೇಳಿಕೊಂಡು ಬಂದರು. ಮೇಲಿನ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು ಗುಟ್ಟಾಗಿ ಬಂದು ನರೆತ ಮೀಸೆ ಸವರಿಕೊಂಡು ನಿಂತರು.

"ನಮ್ಮಪ್ಪ ರೈಲಿಗೆ ಬಳೀತಿದ್ರು, ನಾನು ನರಕ್ಕೆ ಬಳೀತೀನಿ" ಎಂದು ಜಲಜಾ ಈಗ ಚಿಕ್ಕದಾಗಿ ಮುಗಿಸುತ್ತಾರೆ. "ಅಪ್ಪಂಗೆ ದೊಡ್ಡ ಬ್ರಷ್ ಇತ್ತು, ಅಷ್ಟೇ ವ್ಯತ್ಯಾಸ." ಮಗಳು ಶ್ರೀಯಾಗೆ ಈ ಮಾತು ಕನ್ನಡದಲ್ಲಿ ಕೇಳಿದರೆ ಅರ್ಥವಾಗುತ್ತದೆ, ನಗು ಮಾತ್ರ ತಮಿಳಿನಲ್ಲಿ ಬರುತ್ತದೆ.

ನರಕ್ಕೆ ಬಣ್ಣ ಬಳಿಯುವುದೇಕೆ? ಅಲ್ಲಿಗೆ ಬಂದರೆ ಜಲಜಾ ಸ್ವಲ್ಪ ದನಿ ಇಳಿಸುತ್ತಾರೆ. ಕನ್ನಡದ ಹಳ್ಳಿಗಳಲ್ಲಿ ದೊಡ್ಡ ರೋಗ, ತಮಿಳಿನಲ್ಲಿ ಪೆರುವಿಯಾದಿ. ಎರಡೂ ಕಡೆ ಜನ ಅದರ ನಿಜವಾದ ಹೆಸರು ಹೇಳಲು ಅಂಜಿ ದೊಡ್ಡದು ಎಂದು ಕರೆದು ದೂರವಿಟ್ಟ ಕಾಯಿಲೆ: ಕುಷ್ಠ. ಅದು ಎಂದೋ ಹೋಯಿತೆಂದು ಬಹಳ ಜನ ನಂಬಿದ್ದಾರೆ. ಹೋಗಿಲ್ಲ. ಮಾತ್ರೆಗೆ ಬಗ್ಗುತ್ತದೆ, ಪೂರ್ತಿ ವಾಸಿಯಾಗುತ್ತದೆ, ಆದರೆ ಮೊದಲು ಅದು ಅದೇ ಎಂದು ಗೊತ್ತಾಗಬೇಕು. ಮೈಮೇಲೆ ಒಂದೇ ಒಂದು ಮಸುಕು ಮಚ್ಚೆಯಾಗಿ ಬಂದಾಗ ಅದರ ಕ್ರಿಮಿ ಎಷ್ಟು ಕಡಿಮೆಯಿರುತ್ತದೆಂದರೆ, ಸೂಕ್ಷ್ಮದರ್ಶಕದಲ್ಲಿ ಕಣ್ಣು ನೋಯುವಷ್ಟು ಹುಡುಕಿದರೂ ಸಿಗುವುದಿಲ್ಲ. ಮೈಯ ಕಾವಲಿನ ಜೀವಕೋಶಗಳು ಗುಂಪುಕಟ್ಟಿ ನಿಂತಿರುವುದು ಕಾಣುತ್ತದೆ. ಆದರೆ ಕ್ಷಯದಲ್ಲೂ ಅವು ಹಾಗೆಯೇ ನಿಲ್ಲುತ್ತವೆ, ಬೇರೆ ಕೆಲವು ಚರ್ಮರೋಗಗಳಲ್ಲೂ ಹಾಗೆಯೇ.

"ಪೊಲೀಸರು ಗುಂಪು ಕಟ್ಟವ್ರೆ ಅಂದ್ರೆ ಏನೋ ಆಗಿದೆ ಅಂತ ಗೊತ್ತಾಗುತ್ತೆ, ಯಾವ ಕಳ್ಳ ಅಂತ ಗೊತ್ತಾಗಲ್ಲ" ಎನ್ನುತ್ತಾರೆ ಜಲಜಾ. "ಆದ್ರೆ ಈ ಕಳ್ಳ ಒಂದೇ ಮನೆಗೆ ನುಗ್ಗೋದು. ನರಕ್ಕೆ. ಅದಕ್ಕೇ ನಾವು ನರಕ್ಕೆ ಒಂದು ಬಣ್ಣ ಕೊಡ್ತೀವಿ, ಕಾವಲಿನೋರಿಗೆ ಒಂದು ಕೊಡ್ತೀವಿ. ನರ ದಾರದ ಥರ ನೆಟ್ಟಗೆ ಇದ್ರೆ ಬೇರೆ ಕಾಯಿಲೆ. ಕಾವಲಿನೋರ ಮಧ್ಯ ಚೂರುಚೂರಾಗಿ ಬಿದ್ದಿದ್ರೆ ಇದು." ಈ ಬಣ್ಣ ಅಂಗಡಿಯಲ್ಲಿ ಸಿಗುವ ಬಣ್ಣವಲ್ಲ. ಒಂದೊಂದು ಗುರುತಿಗೆ ಮಾತ್ರ ಹೋಗಿ ಅಂಟಿಕೊಳ್ಳುವ ಪ್ರತಿಕಾಯದ ಹನಿ, ಅದರ ಬೆನ್ನ ಹಿಂದೆ ಕಂದು ಬಣ್ಣ. ಲ್ಯಾಬಿನವರು ಇದನ್ನೆಲ್ಲ ಸೇರಿಸಿ 'ಇಮ್ಯೂನೋ' ಎನ್ನುತ್ತಾರೆ.

ಬಣ್ಣ ಸರಿಯಾಗಿ ಹತ್ತಿದೆಯೋ ಇಲ್ಲವೋ ಎಂದು ಖಾತ್ರಿಯಾಗಲು ಪ್ರತಿ ಸ್ಲೈಡಿನ ಮೂಲೆಯಲ್ಲಿ ನರ ಇದ್ದೇ ಇರುವ ಒಂದು ಹೋಳನ್ನು ಕೂರಿಸಬೇಕು. ಅದು ಕಂದಾದರೆ ಉಳಿದದ್ದನ್ನು ನಂಬಬಹುದು. ಇಲ್ಲಿ ಆ ಕೆಲಸಕ್ಕೆ ಯಾರದೋ ಅಪೆಂಡಿಕ್ಸ್ ಇದೆ. ಹೊಟ್ಟೆನೋವೆಂದು ಬಂದು ಅದನ್ನು ತೆಗೆಸಿಕೊಂಡು ಹೋದ ಪುಣ್ಯಾತ್ಮ ಯಾರೋ ಜಲಜಾಗೆ ತಿಳಿಯದು. "ಎಲ್ಲಾದ್ರೂ ಚೆನ್ನಾಗಿರಲಿ. ಅವರ ಹೊಟ್ಟೇಲಿದ್ದಾಗ ಕೆಲಸಕ್ಕೆ ಬರದೇ ಇದ್ದಿದ್ದು ಇಲ್ಲಿ ಒಂದು ದಿನಾನೂ ರಜೆ ಹಾಕಿಲ್ಲ" ಎನ್ನುತ್ತಾರೆ.

ಸ್ಲೈಡನ್ನು ಓದಿ ತೀರ್ಪು ಹೇಳುವುದು ಪ್ಯಾಥಾಲಜಿಸ್ಟ್ ಡಾಕ್ಟರ್ ಸುಮತಿಯ ಕೆಲಸ. ಜಲಜಾಗಿಂತ ತುಂಬ ಚಿಕ್ಕವರು, ಬಾಯಿ ಚುರುಕು, ಕಣ್ಣು ಅದಕ್ಕಿಂತ ಚುರುಕು. "ನಾನು ಓದೋದು ಅಕ್ಕ ಬರೆದಿದ್ದನ್ನು. ಅಕ್ಕನ ಅಕ್ಷರ ಮಸುಕಾದರೆ ನನ್ನ ಓದು ಏನಕ್ಕೆ ಬಂತು?" ಎನ್ನುತ್ತಾರೆ ಸುಮತಿ. ಜಲಜಾ ಈ ಮಾತು ಕೇಳಿಸದವರಂತೆ ಕುಕ್ಕರಿನ ವಿಷಲ್ ಒರೆಸುತ್ತಿರುತ್ತಾರೆ.

ಇನ್ನು ಆ ಕಥೆ.

ಸಂಕ್ರಾಂತಿ ಕಳೆದು ತೈ ತಿಂಗಳ ಮದುವೆಗಳು ಶುರುವಾಗುವ ಮುಂಚೆ ಚರ್ಮದ ವಿಭಾಗದಿಂದ ಒಂದು ತುಂಡು ಬಂತು. ಮದುವೆ ಅಡುಗೆ ಮಾಡುವ ಒಬ್ಬರ ಮುಂಗೈಯದು. ಅವರನ್ನು ಇಲ್ಲಿ ಗುರುಸಿದ್ದಣ್ಣ ಎಂದು ಕರೆಯೋಣ. ನಿಜವಾದ ಹೆಸರು ಬೇಡ, ಕಥೆ ಬೇಕಾದರೆ ಬರೆಯಿರಿ ಎಂದು ಅವರೇ ಒಪ್ಪಿದ್ದಾರೆ. ಬದಲಿ ಹೆಸರು ಯಾವುದಿರಲಿ ಎಂದರೆ ಮೊದಲು ತಮ್ಮ ಎದುರಾಳಿ ಅಡುಗೆಯವನ ಹೆಸರು ಕೊಟ್ಟರು. ಅದಾಗುವುದಿಲ್ಲ ಎಂದ ಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ತಾತನ ಹೆಸರಿಗೆ ಬಂದರು.

ಗುರುಸಿದ್ದಣ್ಣ ಕೊಳ್ಳೇಗಾಲದ ಕಡೆಯವರು. ಚೆನ್ನೈಗೆ ಬಂದು ತಲೆ ನರೆತಿದೆ. ಪ್ಯಾರೀಸ್ ಕಾರ್ನರಿನ ಸಗಟು ಅಂಗಡಿಗಳಲ್ಲಿ ಬೇಳೆ ಮುಟ್ಟಿ ನೋಡದೆ ಮೂಸಿಯೇ ಹಳತೋ ಹೊಸತೋ ಹೇಳುವ ಆಸಾಮಿ. ಆದರೆ ಅವರು ಹೆಸರಾಗಿದ್ದು ಬೇರೆಯದಕ್ಕೆ. ಕುದಿಯುವ ಕೊಳದಪ್ಪಲೆಯ ಮುಚ್ಚಳವನ್ನು ಬರಿಗೈಯಲ್ಲಿ ತೆಗೆಯುತ್ತಿದ್ದರು. ಒಲೆಯ ಮೇಲಿನ ಬಾಣಲೆಯನ್ನು ಬಟ್ಟೆಯಿಲ್ಲದೆ ಹಿಡಿದಿಳಿಸುತ್ತಿದ್ದರು. ಬೀಗರ ಕಡೆಯವರು ಅದನ್ನು ನೋಡಲೆಂದೇ ಅಡುಗೆಮನೆಗೆ ಬಂದು ಮೊಬೈಲಿನಲ್ಲಿ ಹಿಡಿದುಕೊಳ್ಳುತ್ತಿದ್ದರು. ಕೇಳಿದವರಿಗೆಲ್ಲ ಗುರುಸಿದ್ದಣ್ಣ, "ಮಾದಪ್ಪ ಕೊಟ್ಟ ವರ" ಎನ್ನುತ್ತಿದ್ದರು. ಬಲಮುಂಗೈಯ ಮೇಲಿದ್ದ ಮಸುಕು ಮಚ್ಚೆಗೂ ಆ ವರಕ್ಕೂ ಸಂಬಂಧವಿರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಮೆಡಿಕಲ್ ಶಾಪಿನವನು ಹುಳುಕಡ್ಡಿ ಎಂದು ಮುಲಾಮು ಕೊಟ್ಟ. ಭಾಮೈದ ಅದು ಬಿಸಿಲಿನ ಕಲೆ ಎಂದ. ಕೊನೆಗೆ ಚರ್ಮದ ಡಾಕ್ಟರು ಮಚ್ಚೆಯ ಮೇಲೆ ಪೆನ್ನಿನ ತುದಿ ಒತ್ತಿ, ಕಣ್ಣು ಮುಚ್ಚಿಸಿ, ಮುಟ್ಟಿದ್ದು ಗೊತ್ತಾಯಿತೇ ಎಂದು ಕೇಳಿದರು. "ಮುಟ್ಟಿ, ಆಮೇಲೆ ಹೇಳ್ತೀನಿ" ಎಂದರಂತೆ ಗುರುಸಿದ್ದಣ್ಣ.

ಡಾಕ್ಟರಿಗೆ ಅನುಮಾನ ಬಂತು, ಆದರೆ ಕೈಯಲ್ಲಿ ಹಳೆಯ ಸುಟ್ಟ ಗಾಯಗಳೂ ಬೇಕಾದಷ್ಟಿದ್ದವು. ತುಂಡು ತೆಗೆದು ಲ್ಯಾಬಿಗೆ ಕಳಿಸಿದರು. ಕಾವಲಿನ ಕೋಶಗಳು ಗುಂಪುಕಟ್ಟಿದ್ದವು. ಕ್ರಿಮಿ ಹುಡುಕುವ ಬಣ್ಣದಲ್ಲಿ ಏನೂ ಸಿಗಲಿಲ್ಲ. ಸುಮತಿ ಇಮ್ಯೂನೋ ಮಾಡಲು ಹೇಳಿದರು. ಜಲಜಾ ಹೋಳು ತೆಗೆದು ಕುಕ್ಕರಿಗಿಟ್ಟರು.

ಕುಕ್ಕರಿನ ಗ್ಯಾಸ್ಕೆಟ್ ಸವೆದು ಬಹಳ ದಿನವಾಗಿತ್ತು. ಹೊಸದು ಬೇಕೆಂದು ಪರ್ಚೇಸ್ ವಿಭಾಗಕ್ಕೆ ಬರೆದಿದ್ದರು. ಅವರು ಪ್ಯಾಥಾಲಜಿಗೆ ಅಡುಗೆ ಸಾಮಾನು ಏಕೆ ಬೇಕೆಂದು ಕೇಳಿದರು. ಜಲಜಾ ವಿವರಿಸಿದರು. ವಿವರಣೆ ಓದಿ ತೃಪ್ತರಾದ ಅವರು ಗ್ಯಾಸ್ಕೆಟ್ ತರಿಸಿ ಕ್ಯಾಂಟೀನಿಗೆ ಕೊಟ್ಟರು. ಆ ಬೆಳಿಗ್ಗೆ ಆವಿಯೆಲ್ಲ ಪಕ್ಕದಿಂದ ಸೋರಿ, ವಿಷಲ್ ಬರಲೇ ಇಲ್ಲ. ಈಗ ಬಂದೀತು, ಈಗ ಬಂದೀತು ಎಂದು ಜಲಜಾ ಕಾದರು. ಮುಚ್ಚಳ ತೆಗೆದಾಗ ನೀರೆಲ್ಲ ಇಂಗಿ, ಸ್ಲೈಡುಗಳ ಮೇಲಿನ ಹೋಳುಗಳು ಸುಕ್ಕಾಗಿ ಎದ್ದುಬಂದಿದ್ದವು. ಮೇಣದ ಗಟ್ಟಿಯಲ್ಲಿ ಉಳಿದಿದ್ದ ಚರ್ಮ ಕಣ್ಣಿಗೆ ಕಾಣುವಷ್ಟು, ಅಷ್ಟೇ.

ಜಲಜಾ ನೆಟ್ಟಗೆ ಸುಮತಿಯ ಮುಂದೆ ಹೋಗಿ ನಿಂತು ಹೇಳಿದರು. ಸುಮತಿ, "ಉಳಿದದ್ದರಲ್ಲಿ ಇನ್ನೊಂದೇ ಸಲ ಮಾಡಬಹುದು ಅಕ್ಕಾ. ಅದೂ ಹೋದರೆ ನಾವಿಬ್ಬರೂ ಗ್ಯಾಸ್ಕೆಟ್ ಇರೋ ಕಡೆಗೇ ಹೋಗೋಣ, ಕ್ಯಾಂಟೀನಿಗೆ" ಎಂದರು. ಬೈದಿದ್ದರೆ ಚೆನ್ನಾಗಿತ್ತು ಎಂದು ಜಲಜಾಗೆ ಅನಿಸಿತು.

ಆ ಹೊತ್ತಿಗೇ ಕೌಂಟರಿನಿಂದ ಫೋನು: ಅಕ್ಕಾ, ನಿಮ್ಮ ಊರಿನವರು ಒಬ್ಬರು ಬಂದಿದ್ದಾರೆ, ತಮ್ಮ ಮಾಂಸ ವಾಪಸ್ ಬೇಕಂತೆ.

ಕೌಂಟರಿನಲ್ಲಿ ಗುರುಸಿದ್ದಣ್ಣ ಪಂಚೆ ಎತ್ತಿಕಟ್ಟಿ ನಿಂತಿದ್ದರು. ಯಾವ ಕಾಯಿಲೆಗೆ ಪರೀಕ್ಷೆ ನಡೆಯುತ್ತಿದೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. ಜಲಜಾ ಬಾಯಲ್ಲಿ ಕನ್ನಡ ಕೇಳಿದ್ದೇ ದನಿ ಇಳಿಸಿದರು. "ನೋಡಿ ಕಣವ್ವ, ಕಡ್ಲೆಬೇಳೆಯಷ್ಟು ಕಿತ್ಕಂಡವ್ರೆ. ನಂದು ನಂಗೆ ಕೊಟ್ಬುಡಿ. ನನ್ ಪಾಡಿಗೆ ನಾನು ಹೊಂಟೋಯ್ತೀನಿ."

"ತಕ್ಕಂಡೋಗಿ ಏನ್ ಮಾಡ್ತೀರಣ್ಣ?"

"ಕೆರೆಗೆ ಎಸೀತೀನಿ. ನಿಮ್ ತಾವ ಇದ್ರೆ ತಾನೆ ಅದಕ್ಕೊಂದು ಹೆಸರು ಕಟ್ಟೋದು. ಆ ಹೆಸರು ಒಂದ್ ಸಲ ಬಂತು ಅಂದ್ರೆ ನನ್ ಕೈ ಅಡುಗೆ ಯಾರವ್ವ ತಿಂದಾರು?"

ಜಲಜಾಗೆ ಸುಳ್ಳು ಹೇಳಬಹುದಿತ್ತು. ನಾಳೆ ಬನ್ನಿ ಎಂದು ಸಾಗಹಾಕಬಹುದಿತ್ತು. ಆದರೆ ಬಾಯಿಗೆ ಬಂದದ್ದು ನಿಜವೇ. "ನಿಮ್ಮದು ಇವತ್ತು ಬೆಳಿಗ್ಗೆ ತಳ ಹಿಡಿದೋಯ್ತು ಅಣ್ಣ" ಎಂದರು.

ಗುರುಸಿದ್ದಣ್ಣನ ಮುಖದಲ್ಲಿದ್ದ ಭಯ ಒಂದು ಗಳಿಗೆ ಎಲ್ಲಿ ಹೋಯಿತೋ. "ನೀರು ಎಷ್ಟು ಹಾಕಿದ್ರಿ?" ಎಂದು ಕೇಳಿದರು.

"ನೀರು ಸರಿಯಾಗೇ ಹಾಕಿದ್ದೆ. ಗ್ಯಾಸ್ಕೆಟ್ ಸವೆದಿತ್ತು."

"ಆವಿ ಪಕ್ಕದಲ್ಲಿ ಹೋಯ್ತಿತ್ತಾ?"

"ಹೋಯ್ತಿತ್ತು."

"ವಿಷಲ್ ಬರ್ನಿಲ್ಲ ಅಂದ್ರೆ ಇಳಿಸ್ಬುಡ್ಬೇಕು ಕಣವ್ವ. ಬತ್ತದೆ ಬತ್ತದೆ ಅಂತ ಕಾಯ್ಬಾರ್ದು." ಮದುವೆಮನೆಯ ಹುಡುಗರಿಗೆ ಹೇಳುವ ಹಾಗೆಯೇ ಹೇಳಿ, ಆಮೇಲೆ ಮೆತ್ತಗೆ ಕೇಳಿದರು: "ಇನ್ನೇಸು ಉಳ್ದದೆ?"

"ಸಾಸಿವೆಯಷ್ಟು."

"ಒಗ್ಗರಣೆಗೆ ಆಯ್ತದೆ ಬುಡಿ" ಎಂದು ಗುರುಸಿದ್ದಣ್ಣ ಬೆಂಚಿನ ಮೇಲೆ ಕುಳಿತರು. ಇನ್ನೊಮ್ಮೆ ತುಂಡು ತೆಗೆಯಲು ಮಾತ್ರ ಬಿಡುವುದಿಲ್ಲ, ಇರುವುದರಲ್ಲೇ ನೋಡಿಕೊಳ್ಳಿ, ನಾಳೆ ಬರುತ್ತೇನೆ ಎಂದರು. ಹೊರಡುವಾಗ ತಮ್ಮ ವರದ ಕಥೆಯನ್ನೂ ಹೇಳಿದರು. ಜಲಜಾ ಕೇಳಿಸಿಕೊಂಡರು. "ಅದು ವರ ಅಲ್ಲ ಅಂತ ಹೇಳೋದು ಡಾಕ್ಟರ ಕೆಲಸ" ಎಂದು ನೆನೆಯುತ್ತಾರೆ.

ಲ್ಯಾಬಿನ ಕುಕ್ಕರನ್ನು ಕೊಂಡದ್ದು ಜಲಜಾ ಅವರೇ. ಅಂಗಡಿಗೆ ಹೋದವರು ಅದರ ಜೋಡಿಯನ್ನು ಮನೆಗೂ ತಂದಿದ್ದರು. ಮರುದಿನ ನಸುಕಿನಲ್ಲಿ ಅಡುಗೆಮನೆಯಲ್ಲಿ ಸದ್ದಾಗದಂತೆ ಮುಚ್ಚಳದಿಂದ ಗ್ಯಾಸ್ಕೆಟ್ ಬಿಡಿಸಿ ಬ್ಯಾಗಿಗೆ ಹಾಕುವಾಗ, ಹಿಂದೆ ಅತ್ತೆ ಚಿಕ್ಕತಾಯಮ್ಮ ನಿಂತಿದ್ದರು. ಎಂಬತ್ತರ ಹತ್ತಿರದ ಜೀವ. ಸೊಸೆ ಆಸ್ಪತ್ರೆಯಿಂದ ಬಂದರೆ ಸ್ನಾನವಾಗುವವರೆಗೆ ದೇವರಕೋಣೆಯ ಕಡೆ ನೋಡಲೂ ಬಿಡದವರು.

"ಏನಮ್ಮಿ ಅದು, ಬಳೆಯಾ?"

"ಗ್ಯಾಸ್ಕೆಟ್ಟು ಅತ್ತೆ. ಆಸ್ಪತ್ರೆಗೆ."

"ಇವತ್ತು ಗ್ಯಾಸ್ಕೆಟ್ಟು. ನಾಳೆ ಅವ್ರಿಗೆ ಒಲೆ ಬೇಕು ಅಂದ್ರೆ ಒಲೆನೂ ಹೊತ್ಕಂಡು ಹೋದೀಯಾ? ಅಲ್ಲೂ ಕುಕ್ಕರು, ಇಲ್ಲೂ ಕುಕ್ಕರು. ಅಲ್ಲಿ ಬೇಯ್ಸಿದ್ರೆ ಡಾಕ್ಟರು ಹೊಗಳ್ತಾರೆ, ಇಲ್ಲಿ ಬೇಯ್ಸಿದ್ರೆ ನನ್ ಮಗ ಉಪ್ಪು ಕಮ್ಮಿ ಅಂತಾನೆ. ನಿಂಗೆ ಅದೇ ವಾಸಿ ಅನ್ನು."

ಜಲಜಾ ನಗಲಿಲ್ಲ. "ಒಬ್ಬರದು ಒಂದು ಚೂರು ಉಳಿದದೆ ಅತ್ತೆ. ಇವತ್ತು ಕೆಟ್ರೆ ಮುಗೀತು."

"ಏನು ಕಾಯಿಲೆ?"

ಅಷ್ಟು ವರ್ಷಗಳಲ್ಲಿ ಮನೆಯೊಳಗೆ ಆ ಹೆಸರು ಎತ್ತಿರಲಿಲ್ಲ. ಆ ದಿನ ಎತ್ತಿದರು. "ದೊಡ್ಡ ರೋಗ ಇರಬೌದು ಅಂತ."

ಚಿಕ್ಕತಾಯಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ನಮ್ಮೂರಲ್ಲಿ ಸೀತಾ ಅಂತ ಒಬ್ಬಳಿದ್ಲು" ಎಂದರು. "ಸೋಬಾನೆ ಹಾಡೋಕೆ ಕುಂತ್ರೆ ಬೆಳಗಾಗೋದು. ಆಮೇಲೆ ಊರಾಚೆ ಗುಡ್ಲು ಹಾಕಿ ಮಡಗಿದ್ರು. ಅಲ್ಲಿಂದಲೇ ಹಾಡೋಳು. ಗಾಳಿ ಈ ಕಡೆ ಬೀಸಿದ್ರೆ ಕೇಳ್ಸೋದು." ಮತ್ತೆ ಸೊಸೆಯ ಬ್ಯಾಗಿನ ಜಿಪ್ಪನ್ನು ತಾವೇ ಎಳೆದರು. "ತಕ್ಕಂಡೋಗು. ಅನ್ನ ಪಾತ್ರೇಲಿ ಬಸ್ಕತೀನಿ. ಆದ್ರೆ ಅದ್ನ ಮಾತ್ರ ವಾಪಸ್ ತರಬ್ಯಾಡ. ಹೊಸದು ತತ್ತಾ."

ಆ ಬೆಳಿಗ್ಗೆ ಲ್ಯಾಬಿನಲ್ಲಿ ಫ್ಯಾನು ಆರಿಸಿ, ಬಾಗಿಲು ಹಾಕಿ, ಉಸಿರು ಬಿಗಿಹಿಡಿದು ಜಲಜಾ ಮೇಣದ ಗಟ್ಟಿಯನ್ನು ಹೆರೆದರು. ಮೆಷಿನ್ನಿನಿಂದ ಇಳಿಯುವ ಹೋಳು ಉಸಿರು ತಾಗಿದರೆ ಹಾರಿಹೋಗುತ್ತದೆ. ಅದೇ ಹೊತ್ತಿಗೆ ಅವರಿಗೆ ಸೀನು ಬಂತು. ಮೂಗು ಹಿಂಡಿ, ಕಣ್ಣಲ್ಲಿ ನೀರು ಸುರಿಸಿ, ಆ ಸೀನನ್ನು ಹೇಗೋ ನುಂಗಿದರು. "ಅದು ಇವತ್ತಿಗೂ ಒಳಗೇ ಇದೆ" ಎನ್ನುತ್ತಾರೆ. ಬೆಚ್ಚಗಿನ ನೀರಿನ ಮೇಲೆ ತೇಲಿದ ಹೋಳುಗಳನ್ನು ಅಂಟುಲೇಪದ ಸ್ಲೈಡಿಗೆ ಹಿಡಿದರು. ಮೂಲೆಯಲ್ಲಿ ಪುಣ್ಯಾತ್ಮನ ಅಪೆಂಡಿಕ್ಸ್ ಕೂರಿಸಿದರು. ಮನೆಯ ಗ್ಯಾಸ್ಕೆಟ್ ಹಾಕಿದ ಕುಕ್ಕರು ಮೊದಲ ವಿಷಲ್ ಕೊಟ್ಟಾಗ, ಕಾರಿಡಾರಿನಲ್ಲಿ ನಿಂತಿದ್ದ ಸುಮತಿ ಕೈಮುಗಿದದ್ದನ್ನು ನೋಡಿದವರಿದ್ದಾರೆ. ಸುಮತಿ ಅದನ್ನು ಒಪ್ಪುವುದಿಲ್ಲ.

ಹನಿ ಹಾಕಿ, ಕಾದು, ತೊಳೆದು, ಮತ್ತೆ ಹನಿ ಹಾಕಿ, ಮತ್ತೆ ಕಾದು, ಮಧ್ಯಾಹ್ನದ ಹೊತ್ತಿಗೆ ಅಪೆಂಡಿಕ್ಸಿನ ನರಗಳು ಕಂದು ಬಣ್ಣಕ್ಕೆ ತಿರುಗಿದವು. ಸ್ಲೈಡು ಒಳ್ಳೆಯದೋ ಕೆಟ್ಟದ್ದೋ ಹೇಳುವ ತಮ್ಮ ಅಧಿಕಾರ ಅಲ್ಲಿಗೆ ಮುಗಿಯಿತು ಎಂದು ಜಲಜಾ ಟ್ರೇ ಕೊಟ್ಟು ಹೊರಗೆ ನಿಂತರು. ಸುಮತಿ ಬಹಳ ಹೊತ್ತು ನೋಡಿ ಅವರನ್ನು ಒಳಗೆ ಕರೆದರು. ಸೂಕ್ಷ್ಮದರ್ಶಕದಲ್ಲಿ ನೀಲಿ ಗುಂಪುಗಳ ನಡುವೆ ದಾರದಂತಿರಬೇಕಾದ ನರ ತುಂಡುತುಂಡಾಗಿ, ಅಲ್ಲೊಂದು ಇಲ್ಲೊಂದು ಕಂದು ಚೂರಾಗಿ ಉಳಿದಿತ್ತು. ಬೀಗ ಮುರಿದ ಮನೆ. "ಅದೇ ಅಕ್ಕಾ. ಒಳ್ಳೇ ಹೊತ್ತಿಗೆ ಸಿಕ್ಕಿದೆ" ಎಂದರು ಸುಮತಿ.

ಬೆಂಚಿನ ಮೇಲೆ ಕಾಯುತ್ತಿದ್ದ ಗುರುಸಿದ್ದಣ್ಣನಿಗೆ ಚರ್ಮದ ಡಾಕ್ಟರು ಎಲ್ಲ ಬಿಡಿಸಿ ಹೇಳಿದರು. ಸರ್ಕಾರ ಪುಕ್ಕಟೆ ಕೊಡುವ ಮಾತ್ರೆ ಕೆಲವು ತಿಂಗಳು ನುಂಗಿದರೆ ವಾಸಿಯಾಗುತ್ತದೆ, ಊಟದಿಂದ ಹರಡುವುದಿಲ್ಲ, ಅಡುಗೆ ಬಿಡಬೇಕಾಗಿಲ್ಲ. ಆದರೆ ಬಿಸಿಯನ್ನು ಬರಿಗೈಯಲ್ಲಿ ಮುಟ್ಟಬಾರದು, ಕೈಬಟ್ಟೆ ಹಿಡಿಯಲೇಬೇಕು. ಮೊದಲಿನದಕ್ಕೆಲ್ಲ ತಲೆಯಾಡಿಸಿದ ಗುರುಸಿದ್ದಣ್ಣ ಕೊನೆಯದಕ್ಕೆ ಸೆಟೆದು ನಿಂತರು. "ಕೈಬಟ್ಟೆ ಹಿಡ್ಕಂಡು ಪಾತ್ರೆ ಇಳ್ಸಕೆ ನಾನೇನು ನಿನ್ನೆ ಕೆಲಸಕ್ಕೆ ಸೇರ್ದ ಹುಡುಗನಾ ಸ್ವಾಮಿ" ಎಂದರು. ಹುಡುಗರ ಮುಂದೆ ಮರ್ಯಾದೆ ಉಳಿಸಲು ಕೊನೆಗೆ ಅವರೇ ಒಂದು ದಾರಿ ಕಂಡುಕೊಂಡರು: ಮಾದಪ್ಪನಿಗೆ ಹರಕೆ ಹೊತ್ತಿದ್ದೇನೆ, ಇನ್ನು ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ ಎಂದು ಸಾರಿಬಿಟ್ಟರು. ಮದುವೆಮನೆಗಳಲ್ಲಿ ಈಗ ಆ ಹರಕೆಗೇ ಹೆಚ್ಚು ಗೌರವ.

ಮಾತ್ರೆ ಮುಗಿಯುವ ಹೊತ್ತಿಗೆ ಜಲಜಾಗೆ ಒಂದು ಫೋನು ಬಂತು. ಹಿಂದೆ ಪಾತ್ರೆಗಳ ಗದ್ದಲ. "ಅವ್ವಾ, ಸುಟ್ಟೋಯ್ತು ಕಣವ್ವ" ಎಂದಿತು ಗುರುಸಿದ್ದಣ್ಣನ ದನಿ. ಕೈಬಟ್ಟೆ ಜಾರಿ ಕೊಳದಪ್ಪಲೆಯ ಅಂಚು ಮುಂಗೈಗೆ ತಾಗಿತ್ತು. ಉರಿ ಹತ್ತಿದ್ದು ಗೊತ್ತಾಗಿತ್ತು. ಪೂರ್ತಿಯಲ್ಲ, ಮಚ್ಚೆಯ ಒಂದು ಬದಿಗೆ. ಅಡುಗೆಮನೆಯ ನೆಲದ ಮೇಲೆ ಕೂತು ಅವರು ಅಳುತ್ತಿದ್ದರೆ, ಏನೋ ದೊಡ್ಡದಾಗಿ ಸುಟ್ಟಿದೆ ಎಂದು ಹುಡುಗರು ಬಕೆಟ್ಟುಗಟ್ಟಲೆ ನೀರು ಸುರಿದು, ಅನ್ನಕ್ಕೆ ಇಟ್ಟಿದ್ದ ಮೊಸರನ್ನೂ ಕೈಗೆ ಹಚ್ಚಿದ್ದರು. "ಇನ್ನೊಂದ್ ಸಲ ಮುಟ್ ನೋಡ್ಲಾ ಅವ್ವಾ?" ಎಂದು ಕೇಳಿದರು. ಬೇಡ ಎಂದು ಜಲಜಾ ಗದರಿಸಿ, ಫೋನಿಟ್ಟು, ಸ್ವಲ್ಪ ಹೊತ್ತು ಕೆಟ್ಟ ಯಂತ್ರದ ಮೇಲಿನ ಛತ್ರಿಗಳನ್ನು ಮಡಿಸುತ್ತ ನಿಂತಿದ್ದರಂತೆ.

ಪರ್ಚೇಸ್‌ನವರು ಈಗ ಗ್ಯಾಸ್ಕೆಟ್ಟನ್ನು ನೇರವಾಗಿ ಪ್ಯಾಥಾಲಜಿಗೇ ಕಳಿಸುತ್ತಾರೆ. ಮೊನ್ನೆ ಜೊತೆಗೆ ಎರಡು ಸೌಟುಗಳೂ ಬಂದಿದ್ದವು. ನಿಮಗೆ ಇನ್ನೇನು ಬೇಕು ಎಂದು ಕೇಳಿದರೆ ಜಲಜಾ, ಹೊಸ ಯಂತ್ರ ಬಂದರೆ ಒಳ್ಳೆಯದು ಎನ್ನುತ್ತಾರೆ, ಬರದಿದ್ದರೂ ಪರವಾಗಿಲ್ಲ ಎನ್ನುತ್ತಾರೆ. ಸ್ಲೈಡಿನ ಆ ಕಡೆ ಇರುವ ಮನುಷ್ಯರನ್ನು ಅವರು ನೋಡುವುದು ಅಪರೂಪ. ಅವರಿಗೆ ಬರುವುದು ಒಂದು ನಂಬರು, ಹೋಗುವುದೂ ಒಂದು ನಂಬರು. ಹಾಗಾಗಿ ಇದೇ ಸಾಕು ಎಂದು ಒಂದು ಮಧ್ಯಾಹ್ನದ ಸಂಗತಿ ಹೇಳುತ್ತಾರೆ.

ಮೈಲಾಪುರವೋ ಮಾಂಬಲವೋ, 'ಒಂದು ಮದುವೆ' ಎಂದಷ್ಟೇ ಅವರು ಹೇಳುವುದು. ಆ ವರ್ಷ ಅತ್ತೆ ಉಂಡುಬಂದ ಮದುವೆಗಳು ಬೇಕಾದಷ್ಟಿರುವುದರಿಂದ, ಈ ಲೇಖನವನ್ನು ಯಾರಾದರೂ ಓದಿ ಹೇಳಿದರೂ ಚಿಕ್ಕತಾಯಮ್ಮನವರಿಗೆ ಅದು ಯಾವುದೆಂದು ಪತ್ತೆಯಾಗಲಿಕ್ಕಿಲ್ಲ. ಬಾಳೆಎಲೆಯ ಮುಂದೆ ಅತ್ತೆ, ಪಕ್ಕದಲ್ಲಿ ಸೊಸೆ. ಹುಳಿಯನ್ನು ಎರಡನೆಯ ಸಲ ಬಡಿಸಿಕೊಂಡು, ಮೂರನೆಯ ಸಲಕ್ಕೂ ಬಡಿಸುವವನನ್ನು ತಡೆದು ನಿಲ್ಲಿಸಿದ ಚಿಕ್ಕತಾಯಮ್ಮ ಬೆರಳು ನೆಕ್ಕಿ, ಸೊಸೆಯ ಕಡೆ ಬಾಗಿ ಕೇಳಿದರು:

"ಯಾರಮ್ಮಿ ಅಡುಗೆಯವ್ನು? ಕೈ ಭಾಳ ಚೆನ್ನಾಗದೆ."

ಜಲಜಾ ಅಡುಗೆಮನೆಯ ಬಾಗಿಲ ಕಡೆ ನೋಡಲಿಲ್ಲ. ಎಲೆಯಲ್ಲಿದ್ದ ಅನ್ನವನ್ನು ಮೆಲ್ಲಗೆ ಕಲೆಸಿಕೊಂಡರು.

"ಹೌದತ್ತೆ" ಎಂದರು. "ಈಗ ಚೆನ್ನಾಗಿದೆ."